ಕಿವಿಯ ಪಕ್ಕದ ಚಿಟ್ಟಿ

ಕೊಯಮತ್ತೂರಿನಲ್ಲಿ ಡೈ, ಅಂದರೆ ಉಕ್ಕಿನ ಅಚ್ಚು, ಮಾಡುವ ಅಂಗಡಿಯ ಯಜಮಾನರು ನಮ್ಮ ರಾವಣನನ್ನು ಅಂಗೈ ಮೇಲೆ ನಿಲ್ಲಿಸಿಕೊಂಡು ಎರಡು ಸುತ್ತು ತಿರುಗಿಸಿ ನೋಡಿದರು. ಹತ್ತು ಸೆಂಟಿಮೀಟರ್ ಎತ್ತರದ ಯಕ್ಷಗಾನದ ಗೊಂಬೆ, ರಾಕ್ಷಸ ಪಾತ್ರದ ಬಣ್ಣದ ವೇಷ. ತಲೆಯ ಮೇಲೆ ಕೇಸರಿತಟ್ಟಿ ಎಂಬ ದೊಡ್ಡ ಕಿರೀಟ, ಹೆಗಲ ಮೇಲೆ ಭುಜಕೀರ್ತಿ, ಒಂದು ಕೈ ಎದೆಗೆ ಅಡ್ಡ, ಇನ್ನೊಂದು ಕೈ ಮೇಲಕ್ಕೆ. ನಾನು ಹೊಗಳಿಕೆಗೆ ಕಾಯುತ್ತಿದ್ದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಸಾರ್, ಇದು ಡೈಯಿಂದ ಹೊರಗೆ ಬರುವುದು ಹೇಗೆ?"

ಡೈ ಎಂದರೆ ನನಗೆ ಗೊತ್ತು ಎಂಬ ಸಣ್ಣ ಅಹಂಕಾರ ನನಗಿತ್ತು. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಹಾಳೆ ತಟ್ಟೆ ಮಾಡುವ ಘಟಕ ನನ್ನದು. ಅಡಿಕೆ ಹಾಳೆಯನ್ನು ನೀರಲ್ಲಿ ನೆನೆಸಿ, ಬಿಸಿ ಡೈಗಳ ನಡುವೆ ಒತ್ತಿ, ಅಂಚು ಕತ್ತರಿಸಿದರೆ ತಟ್ಟೆ. ಆದರೆ ತಟ್ಟೆಯ ಬದಿ ಹೊರಕ್ಕೆ ಓರೆಯಾಗಿರುವುದರಿಂದಲೇ ಅದು ಡೈಯನ್ನು ಬಿಟ್ಟು ಬರುತ್ತದೆ ಎಂದು ನಾನು ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ. ಇಡ್ಲಿಯದೂ ಇದೇ ಕಥೆ. ತಟ್ಟೆಯ ಗುಳಿ ಮೇಲಕ್ಕೆ ಅಗಲವಾಗಿರುವುದರಿಂದ ಚಮಚ ತಾಗಿಸಿದರೆ ಏಳುತ್ತದೆ. ಮೂಡೆಯನ್ನು ಮಾತ್ರ ಹಾಗೆ ಎಬ್ಬಿಸಲು ಆಗುವುದಿಲ್ಲ, ಸುತ್ತಿದ ಎಲೆಯನ್ನೇ ಬಿಚ್ಚಬೇಕು. ಉಕ್ಕಿನ ಡೈಯನ್ನು ಎಲೆಯ ಹಾಗೆ ಬಿಚ್ಚುವುದಕ್ಕೆ ದುಡ್ಡು ಬೇಕು. ಎಷ್ಟು ದುಡ್ಡು ಎಂಬುದನ್ನು ಯಜಮಾನರು ಅಂದು ಸಂಜೆಯೊಳಗೆ ತಿಳಿಸಿಕೊಟ್ಟರು.

ಇದರ ಆರಂಭವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಮಧೂರಿನ ಜಾತ್ರೆಗೆ ಹೋದಾಗ ಸಂತೆಯ ಸಾಲಿನಲ್ಲಿ ಎಲ್ಲೆಲ್ಲಿಂದಲೋ ಬಂದ ಪ್ಲಾಸ್ಟಿಕ್ ವೀರರು ತುಂಬಿದ್ದರು. ನಮ್ಮ ವೇಷ ಒಂದೂ ಇರಲಿಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಇಲ್ಲಿಂದ ಕೂಗಳತೆಯಲ್ಲಿದೆ, ಯಕ್ಷಗಾನದ ಸೂತ್ರದ ಬೊಂಬೆಯಾಟ ಕಾಸರಗೋಡಿನಿಂದ ಹೊರಟು ದೇಶ ಸುತ್ತಿದೆ, ಆದರೂ ಮಗುವಿನ ಕೈಗೆ, ಅಥವಾ ಮಗುವಿನ ಹಾಗೆ ಗೊಂಬೆ ಕೂಡಿಡುವ ದೊಡ್ಡವರ ಕಪಾಟಿಗೆ, ಕೊಡಲು ಗೋಡೆಗೆ ತೂಗುಹಾಕುವ ಮುಖವಾಡ ಬಿಟ್ಟರೆ ಬೇರೇನೂ ಇಲ್ಲ. ಅಕ್ಕನ ಮಗಳು ಬೆಂಗಳೂರಿನಲ್ಲಿ ಅನಿಮೇಷನ್ ಕಲಿತವಳು. "ಮಾವ, ಆರು ವೇಷದ ಒಂದು ಸೆಟ್ ಮಾಡೋಣ" ಎಂದಳು. ರಾವಣ, ಅರ್ಜುನ, ಅಭಿಮನ್ಯು, ಹನುಮಂತ, ಒಂದು ಸ್ತ್ರೀವೇಷ, ಒಂದು ಹಾಸ್ಯ. ಕಂಪ್ಯೂಟರಿನಲ್ಲಿ ಅವಳು ಕಡೆದಳು. ಹಿಂದೆ ಯಕ್ಷಗಾನ ಮೇಳದಲ್ಲಿದ್ದ ನನ್ನ ಭಾವ ಪಕ್ಕದಲ್ಲಿ ಕುಳಿತು ಎದೆಕಟ್ಟು ಇಷ್ಟು ಕೆಳಗೆ ಬೇಡ, ಸೋಗೆವಲ್ಲಿ ಹೀಗೆ ಇಳಿಯಬೇಕು ಎಂದು ತಿದ್ದಿದರು.

ಮೊದಲು ಮಾಡಿದ್ದು ಸಿಲಿಕೋನ್ ಅಚ್ಚು. ತ್ರೀಡಿ ಪ್ರಿಂಟ್ ಮಾಡಿಸಿದ ಮೂಲಗೊಂಬೆಯ ಸುತ್ತ ಸಿಲಿಕೋನ್ ಸುರಿದು, ಗಟ್ಟಿಯಾದ ಮೇಲೆ ಸೀಳಿ ತೆಗೆದು, ಅದರೊಳಗೆ ರಾಳ ಹೊಯ್ಯುವುದು. ಇದು ಮೂಡೆಯ ವಿಧಾನ. ಸಿಲಿಕೋನ್ ಬಾಗುತ್ತದೆ, ಆದ್ದರಿಂದ ಕೈ ಎದೆಗೆ ಅಡ್ಡ ಇದ್ದರೂ ಭುಜಕೀರ್ತಿ ಎಷ್ಟು ಚಾಚಿದರೂ ಅದಕ್ಕೆ ಚಿಂತೆಯಿಲ್ಲ. ಆದರೆ ಇಪ್ಪತ್ತೈದು ಗೊಂಬೆ ಆಗುವಷ್ಟರಲ್ಲಿ ಅಚ್ಚು ಹರಿಯಿತು, ಮೊದಲು ಹರಿದದ್ದು ಕಂಕುಳಿನ ಜಾಗದಲ್ಲಿ. ಒಂದೊಂದಕ್ಕೂ ಬಣ್ಣ ಹಚ್ಚಲು ಅಕ್ಕನ ಮಗಳಿಗೆ ಅರ್ಧ ದಿನ ಬೇಕಾಯಿತು. ಲೆಕ್ಕ ಹಾಕಿದರೆ ಅವಳಿಗೆ ಕೂಲಿಯೇ ಕೊಡದೆ ಗೊಂಬೆಯೊಂದಕ್ಕೆ ಇನ್ನೂರರ ಹತ್ತಿರ ಬಿತ್ತು. ಕೂಲಿ ಕೊಟ್ಟರೆ ಸಾವಿರ ದಾಟುತ್ತಿತ್ತು. ಹಾಗಾಗಿ ಕರಗಿದ ಪ್ಲಾಸ್ಟಿಕ್ಕನ್ನು ಉಕ್ಕಿನ ಡೈಯೊಳಗೆ ಒತ್ತಿ ತುಂಬುವ ಇಂಜೆಕ್ಷನ್ ಮೋಲ್ಡಿಂಗ್, ಹಾಗಾಗಿ ಕೊಯಮತ್ತೂರಿನ ರೈಲು.

ಯಜಮಾನರು ಪೆನ್ಸಿಲ್ ತೆಗೆದುಕೊಂಡು ಗೊಂಬೆಯ ಮೇಲೆಯೇ ಗೀಚತೊಡಗಿದರು. ಡೈ ಎರಡು ಅರ್ಧ. ಒಂದು ಮುಂದಕ್ಕೆ, ಒಂದು ಹಿಂದಕ್ಕೆ ಸರಿಯುತ್ತದೆ. ಆ ಎಳೆತಕ್ಕೆ ಅಡ್ಡಬರುವ ಯಾವ ಸಂದಿಯೂ ಅಂಡರ್‌ಕಟ್. ಅಲ್ಲಿಗೆ ಪಕ್ಕದಿಂದ ಜಾರಿ ಬಂದು, ಪ್ಲಾಸ್ಟಿಕ್ ತಣಿದ ಮೇಲೆ ಹಿಂದೆ ಸರಿಯುವ ಉಕ್ಕಿನ ತುಂಡು ಬೇಕು, ಅದರ ಹೆಸರು ಸ್ಲೈಡರ್. ಎದೆಯ ಮೇಲಿನ ಕೈ, ಒಂದು ಸ್ಲೈಡರ್. ಭುಜಕೀರ್ತಿಯ ಹಿಂದಿನ ಸಂದಿ, ಎರಡು. ಕಾಲುಗಳ ನಡುವೆ, ಇನ್ನೊಂದು. ಆರು ಗೊಂಬೆಗಳಿಗೆ ಆರು ಡೈ, ಒಟ್ಟು ಇಪ್ಪತ್ತೊಂದು ಲಕ್ಷ ಎಂದು ಬರೆದು ಕೊಟ್ಟರು. ಒಂದೊಂದು ವೇಷ ಸಾವಿರದಂತೆ ಆರು ಸಾವಿರ ಗೊಂಬೆ ಮಾಡಿದರೂ ಡೈಯ ಪಾಲೇ ತಲಾ ಮುನ್ನೂರೈವತ್ತು ರೂಪಾಯಿ.

"ಪ್ಲಾಸ್ಟಿಕ್‌ಗೆ ಎಷ್ಟು?" ಎಂದೆ. ಗೊಂಬೆ ತೂಗುವುದು ಇಪ್ಪತ್ತೈದು ಗ್ರಾಂ, ಎಬಿಎಸ್ ಎಂಬ ಪ್ಲಾಸ್ಟಿಕ್ ಕಿಲೋಗೆ ನೂರರುವತ್ತು ಹಿಡಿಯಿರಿ ಎಂದರು. ನಾಲ್ಕು ರೂಪಾಯಿ! ಜನ "ಬರೀ ಪ್ಲಾಸ್ಟಿಕ್ ಗೊಂಬೆಗೆ ಇಷ್ಟು ಬೆಲೆಯೇ" ಎಂದು ಮೂಗು ಮುರಿಯುವಾಗಲೆಲ್ಲ ನನಗೆ ಈ ನಾಲ್ಕು ರೂಪಾಯಿ ನೆನಪಾಗುತ್ತದೆ. ಅವರು ಹೇಳುವುದು ಸರಿಯೇ, ಪ್ಲಾಸ್ಟಿಕ್ ಬಹಳ ಅಗ್ಗ. ಅದಕ್ಕೆ ಆಕಾರ ಕೊಡುವ ಉಕ್ಕು, ಅದರ ಮೇಲೆ ಬಣ್ಣ ಹಚ್ಚುವ ಕೈ, ಇವೆರಡೇ ಗೊಂಬೆಯ ಬೆಲೆ.

ವಾಪಸು ಬರುವ ರೈಲಿನಲ್ಲಿ ಪಾಲಕ್ಕಾಡು ದಾಟುವ ತನಕ ನಾವಿಬ್ಬರೂ ಮಾತಾಡಲಿಲ್ಲ. ಆಮೇಲೆ ಅಕ್ಕನ ಮಗಳು ಮೊಬೈಲ್‌ನಲ್ಲಿ ಹಳೆಯ ಗೊಂಬೆಗಳ ಚಿತ್ರ ತೆರೆದಳು. ಅಮೆರಿಕದ ಮ್ಯಾಟೆಲ್ ಕಂಪನಿ 1982ರಲ್ಲಿ ತಂದ ಹೀ-ಮ್ಯಾನ್ ಸಾಲಿನ ಗೊಂಬೆಗಳನ್ನು ಸಾಲಾಗಿ ನಿಲ್ಲಿಸಿದರೆ ಒಂದೇ ಮೈ, ಅದೇ ಬಾಗಿದ ಕಾಲು, ಬದಲಾಗುವುದು ತಲೆ, ಬಣ್ಣ, ಎದೆಯ ಕವಚ. ಹೀ-ಮ್ಯಾನ್ ಸವಾರಿ ಮಾಡುವ ಹಸಿರು ಹುಲಿ ಅದೇ ಕಂಪನಿಯ ಬಿಗ್ ಜಿಮ್ ಎಂಬ ಹಿಂದಿನ ಗೊಂಬೆಯ ಜೊತೆಗಿದ್ದ ಹುಲಿ. ಹಳೆಯ ಡೈ, ಹೊಸ ಬಣ್ಣ. ಗೊಂಬೆಯಾಳಿಗೂ ಹುಲಿಗೂ ಅಳತೆ ಹೊಂದದೆ ಹುಲಿ ದೊಡ್ಡದಾಗಿ ಕಾಣುತ್ತದೆ, ಅದೇ ಅದರ ಗತ್ತಾಯಿತು. ಅದೇ ವರ್ಷ ಹ್ಯಾಸ್ಬ್ರೊ ಕಂಪನಿ ಮಾಡಿದ ಜಿ.ಐ. ಜೋ ಸೈನಿಕರಲ್ಲಿ ಸ್ನೇಕ್ ಐಸ್ ಎಂಬವನಿಗೆ ಬಣ್ಣವೇ ಇಲ್ಲ. ಬಣ್ಣದ ಖರ್ಚು ಉಳಿಸಲು ಒಬ್ಬನನ್ನು ಪೂರ್ತಿ ಕಪ್ಪು ಪ್ಲಾಸ್ಟಿಕ್‌ನಲ್ಲೇ ಬಿಟ್ಟರು. ಮುಖ ಕಾಣದ, ಮಾತಾಡದ ಆ ಕಪ್ಪು ಆಳು ಆ ಸಾಲಿನಲ್ಲೇ ಅತ್ಯಂತ ಜನಪ್ರಿಯರಲ್ಲಿ ಒಬ್ಬನಾದ. "ನೋಡು ಮಾವ, ಜಿಪುಣತನವೂ ವೇಷ ಕಟ್ಟುತ್ತದೆ" ಎಂದಳು. ನನಗೆ ನಗು ಬಂತು, ಆದರೆ ನಾವು ಎಲ್ಲಿ ಜಿಪುಣರಾಗಬೇಕು ಎಂಬುದು ಹೊಳೆಯಲಿಲ್ಲ.

ಹೊಳೆಸಿದವರು ಭಾವ. ಒಂದೇ ಮೈಯನ್ನು ಎಲ್ಲ ವೇಷಕ್ಕೂ ಬಳಸುವ ವಿಷಯ ಹೇಳಲು ನಾನು ಹಿಂಜರಿದಿದ್ದೆ. ಸಂಪ್ರದಾಯದ ಮನುಷ್ಯ, ಸಿಟ್ಟಾದಾರು ಎಂದು. ಅವರು ಎಲೆಯಡಿಕೆ ಬಾಯಲ್ಲಿಟ್ಟುಕೊಂಡೇ ನಕ್ಕರು. "ಭಾವ, ವೇಷ ಕಟ್ಟುವ ಚೌಕಿಯಲ್ಲಿ ಎಷ್ಟು ಪೆಟ್ಟಿಗೆ ಇರುತ್ತದೆ ಎಂದು ತಿಳಿದಿದ್ದೀರಿ? ನಿನ್ನೆ ನಾನು ಅರ್ಜುನ, ಇಂದು ಕರ್ಣ. ಅದೇ ಕಿರೀಟ, ಅದೇ ಎದೆಕಟ್ಟು, ಅದೇ ಭುಜಕೀರ್ತಿ. ಕರ್ಣನಿಗೆಂದು ಬೇರೆ ಕಿರೀಟ ಯಾವ ಮೇಳದವರು ಕಡೆಸಿದ್ದಾರೆ?" ಬಣ್ಣದ ವೇಷದ ಗಾತ್ರ ದೊಡ್ಡದಲ್ಲವೇ ಎಂದು ಕೇಳಿದೆ. "ಗಾತ್ರ ಇರುವುದು ಮೈಯಲ್ಲಿ ಅಲ್ಲ, ಸುತ್ತಿದ ಬಟ್ಟೆಯಲ್ಲಿ. ನನ್ನಂಥ ಸಪೂರದವನೂ ಬಟ್ಟೆ ಸುತ್ತಿದರೆ ರಾವಣನೇ." ಅವರ ಮಾತು ಮುಗಿಯುವ ಮೊದಲೇ ಅಕ್ಕನ ಮಗಳು ಕಾಗದದಲ್ಲಿ ಒಂದು ಬಳೆ ಬರೆದಾಗಿತ್ತು. ಮೈ ಎಲ್ಲರಿಗೂ ಒಂದೇ; ರಾವಣನಿಗೆ ಸೊಂಟದ ಸುತ್ತ ತೊಡಿಸುವ ಪ್ಲಾಸ್ಟಿಕ್ ಬಳೆ. ಕಂಪನಿಗಳು 1982ರಲ್ಲಿ ಮಾಡಿದ್ದನ್ನು ಮೇಳದ ಪೆಟ್ಟಿಗೆ ಯಾವ ಕಾಲದಿಂದಲೋ ಮಾಡುತ್ತಾ ಬಂದಿದೆ, ನಾವೇ ಅಲ್ಲಿಗೆ ನೋಡಿರಲಿಲ್ಲ.

ಆ ಸಂಜೆಯಿಂದ ಗೊಂಬೆ ಬೇರೆಯೇ ಆಯಿತು. ಎದೆಗೆ ಅಡ್ಡ ಬರುತ್ತಿದ್ದ ಕೈಯನ್ನು ಮೈಯಿಂದ ಬಿಡಿಸಿ, ಗೂಟವಿರುವ ಬೇರೆ ತುಂಡು ಮಾಡಿದೆವು. ಚಪ್ಪಟೆಯಾಗಿ ಮಲಗಿಸಿದರೆ ಕೈಗೆ ಸ್ಲೈಡರ್ ಬೇಡ. ಎರಡು ಅರ್ಧಗಳು ಸೇರುವ ಗೆರೆ ಎಲ್ಲ ಗೊಂಬೆಯಲ್ಲೂ ಇರುತ್ತದೆ, ಅದನ್ನು ಭುಜಕೀರ್ತಿಯ ಅಂಚಿನಲ್ಲೇ ಹಾಯಿಸಿದೆವು. ಅಲ್ಲಿ ಅಂಚು ಇರಬೇಕಾದದ್ದೇ, ಯಾರಿಗೂ ಕಾಣುವುದಿಲ್ಲ. ಕಿರೀಟ ಮೊದಲು ಗಟ್ಟಿ ಮುದ್ದೆಯಾಗಿತ್ತು. ದಪ್ಪ ಜಾಸ್ತಿಯಾದರೆ ಪ್ಲಾಸ್ಟಿಕ್ ತಣಿಯಲು ಹೊತ್ತು ಹಿಡಿಯುತ್ತದೆ, ತಣಿಯುವಾಗ ಒಳಕ್ಕೆ ಎಳೆದುಕೊಂಡು ಮೇಲ್ಮೈಯಲ್ಲಿ ಗುಳಿ ಬೀಳುತ್ತದೆ. ಹಿಂದಿನಿಂದ ಟೊಳ್ಳು ಮಾಡಿ ಎಲ್ಲೆಡೆ ಎರಡು ಮಿಲಿಮೀಟರಿಗೆ ಇಳಿಸಿದ ಮೇಲೆ ಒಂದು ಶಾಟ್‌ಗೆ, ಅಂದರೆ ಡೈಗೆ ಒಮ್ಮೆ ಪ್ಲಾಸ್ಟಿಕ್ ತುಂಬಿ ತೆಗೆಯುವುದಕ್ಕೆ, ಹಿಡಿಯುತ್ತಿದ್ದ ಒಂದು ನಿಮಿಷ ಮೂವತ್ತಾರು ಸೆಕೆಂಡಿಗೆ ಬಂತು. ಗಂಟೆಗೆ ಐನೂರು ರೂಪಾಯಿ ಬಾಡಿಗೆಯ ಯಂತ್ರದಲ್ಲಿ ಅರುವತ್ತು ಶಾಟ್ ಬದಲು ನೂರು. ಎಂಟು ರೂಪಾಯಿ ಚಿಲ್ಲರೆಯ ಕೆಲಸ ಐದು ರೂಪಾಯಿಗೆ ಆಯಿತು.

ಹನುಮಂತ ಬಾಲದಿಂದಾಗಿ ಹೊರಬಿದ್ದ. ಹಾಸ್ಯಗಾರನ ಉಡುಪು ಯಾರ ಮೈಗೂ ಹೊಂದಲಿಲ್ಲ. ಸ್ತ್ರೀವೇಷಕ್ಕೆ ಸೀರೆ, ಹೆರಳು, ಎಲ್ಲವೂ ಬೇರೆ ಡೈ. ಕೊನೆಗೆ ಉಳಿದದ್ದು ನಾಲ್ಕು: ರಾವಣ, ಅಭಿಮನ್ಯು, ಅರ್ಜುನ, ಮತ್ತು ಅರ್ಜುನನ ತಲೆಯನ್ನೇ ಬೇರೆ ಬಣ್ಣದಲ್ಲಿ ಹೊತ್ತ ಕರ್ಣ. ಅಕ್ಕನ ಮಗಳು ಎರಡು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. "ಎಲ್ಲದಕ್ಕೂ ಮೊದಲು ಬಿಡುವುದು ಹೆಣ್ಣನ್ನೇ ಅಲ್ಲವೇ ಮಾವ" ಎಂದಳು. ಲೆಕ್ಕದ ಕಾಗದ ತೋರಿಸಿದೆ. ಲೆಕ್ಕ ಸರಿಯಿತ್ತು, ನನಗೆ ಸಮಾಧಾನವಿರಲಿಲ್ಲ.

ಈಗ ಎರಡೇ ಡೈ: ಒಂದರಲ್ಲಿ ಮೈ, ಕೈಗಳು, ಪೀಠ, ಇನ್ನೊಂದರಲ್ಲಿ ಮೂರು ತಲೆ, ಒಂದು ಬಳೆ. ಯಾವ ತಲೆ ಬೇಡವೋ ಅದಕ್ಕೆ ಪ್ಲಾಸ್ಟಿಕ್ ಹರಿಯುವ ರನ್ನರ್ ಮುಚ್ಚಿದರಾಯಿತು, ಗದ್ದೆಗೆ ನೀರು ಕಟ್ಟಿದ ಹಾಗೆ. ಸೇರಿ ನಾಲ್ಕು ಲಕ್ಷ ಎಂಬತ್ತು ಸಾವಿರ. ನಾಲ್ಕು ಸಾವಿರ ಗೊಂಬೆಗೆ ಹಂಚಿದರೆ ತಲಾ ನೂರಿಪ್ಪತ್ತು.

ನಿಜವಾದ ಜಗಳ ನಡೆದದ್ದು ಬಣ್ಣದ ಮೇಲೆ. ಕೈಯಲ್ಲಿ ಹಚ್ಚಿದ ಮೊದಲ ರಾವಣನಿಗೆ ಹದಿನಾಲ್ಕು ಸಲ ಬಣ್ಣದ ಕೆಲಸವಿತ್ತು. ಕಾರ್ಖಾನೆಯಲ್ಲಿ ಪ್ರತಿ ಬಣ್ಣಕ್ಕೂ ಒಂದು ತಗಡಿನ ಮುಸುಕು, ಒಂದು ಸ್ಪ್ರೇ, ಒಣಗುವ ಹೊತ್ತು, ಎತ್ತಿಡುವ ಒಬ್ಬರು. ಆದ್ದರಿಂದ ಬಣ್ಣವನ್ನು ಆದಷ್ಟೂ ಪ್ಲಾಸ್ಟಿಕ್ಕಿಗೇ ಬೆರೆಸಿದೆವು. ಮೈ ಕೆಂಪು ಹರಳಿನಲ್ಲಿ, ಬಳೆ ಕಪ್ಪಿನಲ್ಲಿ. ಕಣ್ಣು, ಹುಬ್ಬು, ನಾಮ ಪ್ಯಾಡ್ ಪ್ರಿಂಟಿಂಗ್‌ನಲ್ಲಿ ಎರಡು ಬಣ್ಣ, ಮೆತ್ತನೆಯ ಸಿಲಿಕೋನ್ ದಿಂಡು ಬಂದು ಮುದ್ರೆ ಒತ್ತಿದ ಹಾಗೆ ಒತ್ತಿ ಹೋಗುತ್ತದೆ. ಆಭರಣಕ್ಕೆ ಚಿನ್ನದ ಬಣ್ಣ ಸ್ಪ್ರೇ ಮಾಡುವ ಬದಲು ಹಾಟ್ ಸ್ಟ್ಯಾಂಪಿಂಗ್ ಎಂದರು: ಚಿನ್ನದ ಬಣ್ಣದ ತೆಳು ಹಾಳೆಯನ್ನು ಬಿಸಿಯಿಂದ ಒತ್ತಿದರೆ ಉಬ್ಬಿದ ಭಾಗಕ್ಕೆ ಮಾತ್ರ ಅಂಟುತ್ತದೆ. ಅದು ಅಂಟಬೇಕಾದರೆ ಕಿರೀಟದ ಮುಂಭಾಗ ಸ್ವಲ್ಪ ಚಪ್ಪಟೆಯಾಗಬೇಕು. ಮಾದರಿ ತಂದು ಭಾವನ ಕೈಗೆ ಕೊಟ್ಟೆ. ಉಗುರಿನಿಂದ ಕೆರೆದು ನೋಡಿ, "ಇದು ಬೇಗಡೆಯೇ ಅಲ್ಲವೇ? ಹಗುರ ಮರಕ್ಕೆ ನಾವು ಅಂಟಿಸುವುದೂ ಇದನ್ನೇ" ಎಂದರು. ಚಪ್ಪಟೆ ಕಿರೀಟಕ್ಕೆ ಅವರ ಆಕ್ಷೇಪವೇ ಬರಲಿಲ್ಲ.

ಆಕ್ಷೇಪ ಬಂದದ್ದು ಚಿಟ್ಟಿಗೆ. ಬಣ್ಣದ ವೇಷದ ಮುಖದ ಮೇಲೆ ಅಕ್ಕಿಹಿಟ್ಟು, ಸುಣ್ಣ ಕಲಸಿದ ಹಿಟ್ಟಿನಿಂದ ಕಡ್ಡಿಯಲ್ಲಿ ಚುಕ್ಕೆ ಚುಕ್ಕೆಯಾಗಿ ಇಟ್ಟು ಮುಳ್ಳಿನ ಹಾಗೆ ಎಬ್ಬಿಸುವುದು ಚಿಟ್ಟಿ. ಕಲಾವಿದ ಗಂಟೆಗಟ್ಟಲೆ ಕನ್ನಡಿಯ ಮುಂದೆ ಕೂರುತ್ತಾನೆ. ಚುಕ್ಕೆಗೆ ಬಣ್ಣ ಹಚ್ಚುವುದು ದುಬಾರಿ, ಆದರೆ ಡೈಯಲ್ಲಿ ಸಣ್ಣ ಗುಳಿ ಕೊರೆದರೆ ಗೊಂಬೆಯ ಮೇಲೆ ಚುಕ್ಕೆ ತಾನಾಗಿ ಏಳುತ್ತದೆ, ಬಿಳಿ ಬಣ್ಣದ ರೋಲರ್ ಮೇಲೆ ಹಾಯಿಸಿದರೆ ತುದಿಗಳಿಗಷ್ಟೇ ಹತ್ತುತ್ತದೆ. ಇಷ್ಟು ಅಗ್ಗವಾಗಿ ಇಷ್ಟು ಚಂದ ಸಿಗುವುದು ಈ ಕೆಲಸದಲ್ಲಿ ಅಪರೂಪ. ತೊಡಕು ಒಂದೇ. ಕೆನ್ನೆ ಕಿವಿಯ ಕಡೆಗೆ ತಿರುಗುವ ಜಾಗದಲ್ಲಿ ಚುಕ್ಕೆ ಪಕ್ಕಕ್ಕೆ ಚಾಚುತ್ತದೆ. ಡೈ ತೆರೆಯುವುದು ಮುಂದಕ್ಕೆ. ಅಲ್ಲಿ ಚುಕ್ಕೆ ಸಿಕ್ಕಿಹಾಕಿಕೊಂಡು ಕಿತ್ತುಹೋಗುತ್ತದೆ. ಯಜಮಾನರು ಪೆನ್ಸಿಲಿನಿಂದ ಎರಡು ಗೆರೆ ಎಳೆದು, "ಈ ಗೆರೆಯ ಒಳಗೆ ಎಷ್ಟು ಬೇಕಾದರೂ ಇಡಿ, ಆಚೆ ಬೇಡ" ಎಂದರು.

ಭಾವ ಗೊಂಬೆಯನ್ನು ಪಕ್ಕಕ್ಕೆ ತಿರುಗಿಸಿ ಹಿಡಿದರು. ಮುಂದಿನಿಂದ ರಾವಣ, ಪಕ್ಕದಿಂದ ಬೋಳು ಕೆನ್ನೆ. "ಚಿಟ್ಟಿ ಕಿವಿಯ ತನಕ ಹೋಗಬೇಕು ಭಾವ. ಇದು ಅರ್ಧ ಬಣ್ಣ ಹಾಕಿ ರಂಗಕ್ಕೆ ಹೋದ ಹಾಗೆ." ಎರಡು ಸ್ಲೈಡರಿಗೆ ಎಷ್ಟು ಎಂದು ಫೋನ್ ಮಾಡಿ ಕೇಳಿದೆ. ತೊಂಬತ್ತು ಸಾವಿರ. ಸಾವಿರ ರಾವಣರಿಗೆ ತಲಾ ತೊಂಬತ್ತು ರೂಪಾಯಿ. ನಾನು ಬೇಡ ಎಂದೆ. ಅವರು ಮರುಮಾತಾಡದೆ ಎಲೆಯಡಿಕೆಯ ತಟ್ಟೆ ಎಳೆದುಕೊಂಡರು.

ಮೊದಲ ಶಾಟ್ ನೋಡಲು ಹೋದ ದಿನ ಅರ್ಜುನನ ಬಲಗೈ ಕೈಯಲ್ಲೇ ಬಿತ್ತು. ನಾನು ಗಾಬರಿಯಾದೆ, ಯಂತ್ರದ ಹುಡುಗರು ನಕ್ಕರು. ಗೂಟವನ್ನು ಬೇಕೆಂದೇ ಸಪೂರ ಮಾಡಿಟ್ಟಿದ್ದರಂತೆ. ಡೈಯ ಉಕ್ಕನ್ನು ಇನ್ನಷ್ಟು ಕೊರೆದರೆ ಗೂಟ ದಪ್ಪವಾಗುತ್ತದೆ. ಕೊರೆದದ್ದು ಹೆಚ್ಚಾದರೆ ಮತ್ತೆ ಉಕ್ಕು ತುಂಬಲು ವೆಲ್ಡಿಂಗ್ ಬೇಕು. ಉಪ್ಪು ಕಡಿಮೆ ಹಾಕಿ ರುಚಿ ನೋಡುವ ಬುದ್ಧಿ. ಮೂರನೆಯ ಸಲಕ್ಕೆ ಕೈ ಟಕ್ಕನೆ ಕೂತಿತು.

ಕಿರೀಟದ ಮೊನೆ ಕೂಡ ಮೊಂಡಾಯಿತು, ಆದರೆ ಅದು ಉಕ್ಕಿನ ಖರ್ಚಿನಿಂದ ಅಲ್ಲ. 2021ರ ಜನವರಿ 1ರಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಚೂಪು ತುದಿ, ಹರಿತ ಅಂಚು ಎಲ್ಲಕ್ಕೂ ಪರೀಕ್ಷೆ ಇದೆ. ನಮ್ಮದು ದೊಡ್ಡವರು ಕೂಡಿಡುವ ಗೊಂಬೆ ಎಂದು ವಾದಿಸಬಹುದಿತ್ತು. ಜಾತ್ರೆಯಲ್ಲಿ ಮಾರಿದ ಮೇಲೆ ಮಗು ಬಾಯಿಗೆ ಹಾಕುವುದಿಲ್ಲ ಎಂದು ಹೇಳುವವರು ಯಾರು? ಪರವಾನಗಿ ಸಿಗುವುದು ತಯಾರಿಸುವ ಜಾಗಕ್ಕೆ, ಆದ್ದರಿಂದ ಈಗಾಗಲೇ ಪರವಾನಗಿ ಇದ್ದವರಲ್ಲೇ ಮೋಲ್ಡಿಂಗ್ ಮಾಡಿಸಿದೆವು. ಅವರ ದರ ಸ್ವಲ್ಪ ಜಾಸ್ತಿ, ನಿದ್ದೆ ಚೆನ್ನಾಗಿ ಬರುತ್ತದೆ.

ಪೆಟ್ಟಿಗೆಯ ವಿಷಯದಲ್ಲಿ ನಾನೇ ಜಾಣನೆಂದುಕೊಂಡೆ. ಪ್ಲಾಸ್ಟಿಕ್ ಹೊದಿಕೆಗೆ ಬೇರೆ ಡೈ ಏಕೆ, ನನ್ನ ಘಟಕದಲ್ಲಿ ಹಾಳೆ ಇಲ್ಲವೇ? ಉದ್ದನೆಯ ಹಾಳೆ ದೋಣಿಯೊಳಗೆ ವೇಷ ಮಲಗಿದರೆ ಎಷ್ಟು ಚಂದ! ಆದರೆ ಆ ಅಗಲಕ್ಕೆ ಮೂರೂವರೆ ಸೆಂಟಿಮೀಟರಿಗಿಂತ ಆಳಕ್ಕೆ ಒತ್ತಿದರೆ ನನ್ನ ಹಾಳೆ ಸೀಳುತ್ತಿತ್ತು. ಹಾಗಾಗಿ ಗೊಂಬೆಯ ದಪ್ಪ ಮೂರೂವರೆಯೊಳಗೆ ನಿಂತಿತು, ಭುಜಕೀರ್ತಿ ಹಿಂದಕ್ಕೆ ಸರಿಯಿತು. ಈಗ ನೋಡಿದವರು "ಭುಜಕೀರ್ತಿ ಎಷ್ಟು ಅಡಕವಾಗಿದೆ" ಎಂದು ಹೊಗಳುತ್ತಾರೆ. ಅದು ಅಡಿಕೆ ಮರದ ಕೆಲಸ. ಜುಲೈ ತಿಂಗಳಲ್ಲಿ ಸರಿಯಾಗಿ ಒಣಗದ ಮುನ್ನೂರು ದೋಣಿಗಳಿಗೆ ಬೂಸ್ಟು ಹಿಡಿದು ಎಲ್ಲವೂ ಗೊಬ್ಬರದ ಗುಂಡಿಗೆ ಹೋದವು. ಹಾಳೆ ತಟ್ಟೆಯವನ ಘಟಕದಲ್ಲೇ ಹೀಗಾಯಿತು ಎಂದು ಹೊರಗೆ ಹೇಳಿಕೊಳ್ಳಲಿಲ್ಲ.

ಕೊನೆಯ ಲೆಕ್ಕ ಹೀಗೆ ನಿಂತಿತು: ಡೈ ನೂರಿಪ್ಪತ್ತು, ಪ್ಲಾಸ್ಟಿಕ್ ನಾಲ್ಕು, ಎರಡೂ ಡೈ ಸೇರಿ ಯಂತ್ರ ಎಂಟು, ಬಣ್ಣ ಮತ್ತು ಬೇಗಡೆ ಮೂವತ್ತೆಂಟು, ಜೋಡಣೆ ಹತ್ತು, ಹಾಳೆ ಒಂಬತ್ತು, ಮುದ್ರಣ ಮತ್ತು ಸಾಗಾಟ ಆರು. ನೂರ ತೊಂಬತ್ತೈದು. ಮಾರುವ ಬೆಲೆ ಮುನ್ನೂರ ತೊಂಬತ್ತೊಂಬತ್ತು. ಅದರಲ್ಲಿ ಅಂಗಡಿಯವರ ಪಾಲು ನೂರನಲುವತ್ತು. ಉಳಿದ ಅರುವತ್ತನಾಲ್ಕರಲ್ಲಿ ತೆರಿಗೆ, ಮುರಿದದ್ದು, ಮಾರದೆ ಉಳಿದದ್ದು. ರಾವಣ ಮೊದಲು ಖಾಲಿಯಾದ. ಕರ್ಣನೂ ಪರವಾಗಿಲ್ಲ. ಅರ್ಜುನರು ಆರುನೂರರ ಮೇಲೆ ಇನ್ನೂ ನನ್ನ ಅಟ್ಟದಲ್ಲಿದ್ದಾರೆ.

ರಾವಣರು ಖಾಲಿಯಾಗುವ ಮೊದಲು ಭಾವ ಒಂದು ದಿನ ಬಂದು ಐವತ್ತು ಬೇಕು ಎಂದು ಚೀಲದಲ್ಲಿ ತುಂಬಿಕೊಂಡು ಹೋದರು. ಯಾಕೆಂದು ಹೇಳಲಿಲ್ಲ. ಮೂರು ವಾರದ ಮೇಲೆ ತಿರುಗಿ ತಂದರು. ದಪ್ಪ ಬಿಳಿ ಬಣ್ಣವನ್ನು ತೆಂಗಿನ ಕಡ್ಡಿಯ ತುದಿಯಲ್ಲಿ ಅದ್ದಿ, ಬೋಳು ಕೆನ್ನೆಯ ಮೇಲೆ ಒಂದೊಂದೇ ಚುಕ್ಕೆ ಇಟ್ಟಿದ್ದರು, ಕಿವಿಯ ತನಕ. ಯಜಮಾನರ ಪೆನ್ಸಿಲ್ ಗೆರೆ ಎಲ್ಲಿತ್ತು ಎಂದು ನನಗೇ ಕಾಣಲಿಲ್ಲ. ಅಕ್ಕನ ಮಗಳು ಅವುಗಳಿಗೆ ಒಂಬೈನೂರು ಬೆಲೆ ಹಾಕಿದಳು. ಒಂದೇ ವಾರದಲ್ಲಿ ಹೋದವು, ಇನ್ನೂ ಇದೆಯೇ ಎಂದು ಫೋನು ಬರುತ್ತಲೇ ಇದೆ. ಕೇಳಿದರೆ ಭಾವ, "ಈಗ ಕಣ್ಣು ಅಷ್ಟು ಸಾಲದು, ಮಳೆ ಕಳೆಯಲಿ ನೋಡೋಣ" ಎನ್ನುತ್ತಾರೆ. ಆ ಐವತ್ತಕ್ಕೆ ಅವರ ಕೂಲಿ ಎಷ್ಟೆಂದು ಅವರೂ ಹೇಳಲಿಲ್ಲ. ಲೆಕ್ಕದ ಪುಸ್ತಕದಲ್ಲಿ ಆ ಸಾಲು ಖಾಲಿಯೇ ಇದೆ.